ಹೊಂಗೆ ಎಣ್ಣೆಯಲ್ಲಿ ಹಳೆಯ ಡೀಸೆಲ್ ಜೀಪು ಓಡಿಸುವ ವಿಚಾರ

ಬೇಲೂರಿನ ಕಾಫಿ ಬೆಳೆಗಾರ:

ಎಲ್ಲರಿಗೂ ನಮಸ್ಕಾರ. ನಮ್ಮ ತೋಟ ಬೇಲೂರು–ಮೂಡಿಗೆರೆ ರಸ್ತೆಯ ಬದಿಯಲ್ಲಿದ್ದು, ಅಜ್ಜನ ಕಾಲದ ಹೊಲ ಮಾತ್ರ ಜಾವಗಲ್ ಕಡೆಯ ಬಯಲಿನಲ್ಲಿ ಉಳಿದುಕೊಂಡಿದೆ. ಆ ಹೊಲದ ಬದುಗಳಲ್ಲಿ ಮೂವತ್ತೆಂಟು ಹೊಂಗೆ ಮರಗಳಿವೆ. ಪ್ರತಿ ವರ್ಷ ಯಾರೋ ಬಂದು ಕಾಯಿ ಬಡಿದುಕೊಂಡು ಹೋಗುತ್ತಿದ್ದರು. ಕೇಳಬೇಕೆಂದು ನಮಗೂ ಅನ್ನಿಸಿರಲಿಲ್ಲ. ಈ ಬೇಸಿಗೆಯಲ್ಲಿ ನಾನೇ ಆಳು ಹಚ್ಚಿ ಕಾಯಿ ಬಡಿಸಿ, ಒಣಗಿಸಿ, ಸಿಪ್ಪೆ ಬಿಡಿಸಿ ತೂಗಿಸಿದಾಗ 570 ಕೆ.ಜಿ. ಬೀಜ ಸಿಕ್ಕಿತು. ಪರೀಕ್ಷೆಗೆಂದು 100 ಕೆ.ಜಿ.ಯನ್ನು ಎಣ್ಣೆ ಮಿಲ್ಲಿಗೆ ಹಾಕಿಸಿದೆ. ಇಪ್ಪತ್ತೈದು ಲೀಟರ್ ಎಣ್ಣೆ ಬಂದಿದ್ದು, ಎರಡು ಕ್ಯಾನುಗಳಲ್ಲಿ ತುಂಬಿಸಿ ಗೋದಾಮಿನ ಮೂಲೆಯಲ್ಲಿ ಇಟ್ಟಿದ್ದೇನೆ. ಬಣ್ಣ ಗಾಢ ಕಂದು, ವಾಸನೆ ಕಹಿ.

ನನ್ನಲ್ಲಿ 1994ರ ಮಾದರಿಯ ಒಂದು ಜೀಪು ಇದೆ. ಪ್ಯೂಜೊ ವಿನ್ಯಾಸದ 2112 ಸಿ.ಸಿ. ಎಂಜಿನ್, ಇಂದಿಗೂ ಚಾರ್ಮಾಡಿ ಘಾಟಿಯನ್ನು ತಕರಾರಿಲ್ಲದೆ ಹತ್ತುತ್ತದೆ. ಲೀಟರಿಗೆ ಹತ್ತು, ಹತ್ತೂವರೆ ಕಿಲೋಮೀಟರ್ ಕೊಡುತ್ತಿದ್ದು, ವರ್ಷಕ್ಕೆ ಸುಮಾರು ಒಂಬತ್ತು ಸಾವಿರ ಕಿಲೋಮೀಟರ್ ಓಡುತ್ತದೆ. ಡೀಸೆಲ್ ಬೆಲೆ ಲೀಟರಿಗೆ ತೊಂಬತ್ತರ ಆಸುಪಾಸಿನಲ್ಲಿರುವಾಗ ಮನೆಯ ಎಣ್ಣೆಯನ್ನೇ ಏಕೆ ಹಾಕಬಾರದು ಎಂಬ ಯೋಚನೆ ಬಂದಿದೆ. ಡೀಸೆಲ್ ಎಂಜಿನ್ ಹುಟ್ಟಿದ್ದೇ ಕಡಲೆಕಾಯಿ ಎಣ್ಣೆಗಾಗಿ, ಆದ್ದರಿಂದ ಸೋಸಿ ಸುರಿದರೆ ಸಾಕು ಎಂದು ನಮ್ಮ ಭಾವನವರು ಹೇಳುತ್ತಾರೆ. ಎರಡು ಟ್ಯಾಂಕ್ ಕೂರಿಸಬೇಕು ಎಂದು ಇನ್ನೊಬ್ಬರು ಹೇಳಿದರು. ಇದನ್ನು ಕೈಯಾರೆ ಮಾಡಿದವರು ದಯವಿಟ್ಟು ತಿಳಿಸಬೇಕು. ಜೀಪಲ್ಲದೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರವನ್ನು ತಿರುಗಿಸಲು 8 ಎಚ್.ಪಿ.ಯ ಒಂದು ಸಿಂಗಲ್ ಸಿಲಿಂಡರ್ ಎಂಜಿನ್ ಕೂಡ ಇದೆ ಎಂಬುದನ್ನು ಮಾಹಿತಿಗಾಗಿ ಸೇರಿಸುತ್ತೇನೆ.

ಹಾಸನದ ಪಂಪ್–ನೋಝಲ್ ಕೆಲಸಗಾರ:

ಬೆಳೆಗಾರರೇ, ನಾನು ಹಾಸನದಲ್ಲಿ ಮೂವತ್ತು ವರ್ಷಗಳಿಂದ ಎಂಜಿನ್ನಿನ ಒಳಗೆ ಡೀಸೆಲ್ ಒತ್ತುವ ಪಂಪ್ ಮತ್ತು ಅದನ್ನು ಸಿಲಿಂಡರಿಗೆ ಸಿಂಪಡಿಸುವ ನೋಝಲ್ ರಿಪೇರಿ ಕೆಲಸವನ್ನೇ ಮಾಡಿಕೊಂಡು ಬಂದವನು. ಎಣ್ಣೆ ಹಾಕಿ ಕೆಟ್ಟ ಗಾಡಿಗಳು ಕೊನೆಗೆ ನನ್ನ ಮೇಜಿಗೇ ಬರುವುದರಿಂದ ನನ್ನ ಅಭಿಪ್ರಾಯ ಸ್ವಲ್ಪ ಒಂದು ಕಡೆಗೆ ವಾಲಿರಬಹುದು. ಆ ರಿಯಾಯಿತಿ ಕೊಟ್ಟು ಓದಿಕೊಳ್ಳಿ.

ಮೊದಲು ಒಂದು ದೃಶ್ಯವನ್ನು ವಿವರಿಸುತ್ತೇನೆ. ನೋಝಲ್ ಪರೀಕ್ಷಿಸಲು ಕೈಹಿಡಿಯ ಟೆಸ್ಟರ್ ಇರುತ್ತದೆ. ಅದರಲ್ಲಿ ಡೀಸೆಲ್ ತುಂಬಿ ಹಿಡಿಯನ್ನು ಒತ್ತಿದಾಗ, ಒತ್ತಡದ ಮುಳ್ಳು ಗುರುತಿಗೆ ಬಂದೊಡನೆ ನೋಝಲ್ ಕಿರ್ರೆಂದು ಕಿರುಗುಟ್ಟಿ, ಬೆಳಗಿನ ಮಂಜಿನಂತಹ ತುಂತುರನ್ನು ಉಗುಳುತ್ತದೆ. ಹಿಂದೊಮ್ಮೆ ಕುತೂಹಲಕ್ಕೆಂದು ಅದೇ ಟೆಸ್ಟರಿಗೆ ತಣ್ಣಗಿನ ಹೊಂಗೆ ಎಣ್ಣೆಯನ್ನು ಹಾಕಿ ಒತ್ತಿದೆ. ಕಿರುಗುಟ್ಟಲಿಲ್ಲ. ಮಂಜೂ ಬರಲಿಲ್ಲ. ದಬ್ಬಣದಷ್ಟು ದಪ್ಪದ ಒಂದು ಎಳೆ ಎದುರಿನ ಗಾಜಿಗೆ ಹೊಡೆದು, ಅಲ್ಲಿಂದ ಕೆಳಕ್ಕೆ ಇಳಿಯತೊಡಗಿತು. ಸಿಲಿಂಡರಿನ ಒಳಗೆ ನಡೆಯುವುದೂ ಇದೇ. ಮಂಜಾಗಿ ಉರಿಯಬೇಕಾದದ್ದು ಹನಿಯಾಗಿ ಪಿಸ್ಟನ್ ತಲೆಗೂ ಲೈನರ್ ಗೋಡೆಗೂ ಬಡಿಯುತ್ತದೆ, ಅರ್ಧ ಬೆಂದು ಕರಿಯಾಗಿ ಅಂಟುತ್ತದೆ, ಉಳಿದರ್ಧ ರಿಂಗುಗಳನ್ನು ದಾಟಿ ಎಂಜಿನ್ ಆಯಿಲಿಗೆ ಸೇರುತ್ತದೆ.

ಗಾಡಿ ಎಣ್ಣೆಯಲ್ಲಿ ಓಡುತ್ತದೆಯೇ ಎಂದು ಕೇಳಿದರೆ ಓಡುತ್ತದೆ. ಮೊದಲ ವಾರ ಚೆನ್ನಾಗಿಯೇ ಓಡುತ್ತದೆ. ಸದ್ದು ಕೂಡ ಮೆತ್ತಗಾಗುತ್ತದೆ, ಅದರಿಂದಲೇ ಜನ ಮೋಸಹೋಗುವುದು. ತೊಂದರೆ ತಲೆಯೆತ್ತುವುದು ನೂರಿನ್ನೂರು ಗಂಟೆಗಳ ನಂತರ.

ನಿಮ್ಮ ಜೀಪಿನ ಎಂಜಿನ್ ಮೊದಲೇ ಒಂದು ಚಿಕ್ಕ ಕೋಣೆಯಲ್ಲಿ ಉರಿ ಹೊತ್ತಿಸಿ ನಂತರ ಸಿಲಿಂಡರಿಗೆ ಬಿಡುವ ಇನ್‌ಡೈರೆಕ್ಟ್ ಇಂಜೆಕ್ಷನ್ ಜಾತಿಯದು. ಹಳೆಯ ಅಂಬಾಸಿಡರ್ ಡೀಸೆಲ್ ಕೂಡ ಇದೇ ಜಾತಿ. ದಪ್ಪ ಇಂಧನವನ್ನು ಸಹಿಸುವುದರಲ್ಲಿ ಇವು ನೇರ ಇಂಜೆಕ್ಷನ್ ಎಂಜಿನ್‌ಗಳಿಗಿಂತ ಮೇಲು, ಏಕೆಂದರೆ ಎಂಜಿನ್ ಓಡುವಾಗ ಆ ಕೋಣೆಯ ಗೋಡೆ ಚೆನ್ನಾಗಿ ಕಾದಿರುತ್ತದೆ. ಆದರೆ ಎಂಜಿನ್ ಸಹಿಸಿದರೂ ಪಂಪ್ ಸಹಿಸಬೇಕಲ್ಲ. ನಿಮ್ಮದು ಇನ್‌ಲೈನ್ ಪಂಪೋ ರೋಟರಿ ಪಂಪೋ ಎಂಬುದನ್ನು ಬಾನೆಟ್ ಎತ್ತಿ ನೋಡಿ ಹೇಳಿ. ನಾಲ್ಕು ಪೈಪುಗಳು ಸಾಲಾಗಿ ಎದ್ದಿದ್ದರೆ ಇನ್‌ಲೈನ್. ಒಂದು ದುಂಡು ತಲೆಯಿಂದ ಸುತ್ತಲೂ ಹೊರಟಿದ್ದರೆ ರೋಟರಿ. ರೋಟರಿ ಪಂಪಿನ ಒಳಭಾಗಕ್ಕೆ ಜಾರುವಿಕೆಯನ್ನೂ ತಂಪನ್ನೂ ಕೊಡುವುದು ಅದರೊಳಗೆ ಹರಿಯುವ ಇಂಧನವೇ. ಡಿಸೆಂಬರಿನ ಬೆಳಗಿನಲ್ಲಿ ತಣ್ಣಗಿನ ಗಟ್ಟಿ ಎಣ್ಣೆಯನ್ನು ಅದರೊಳಗೆ ಇಟ್ಟು ಸೆಲ್ಫ್ ಹೊಡೆದರೆ ಶಾಫ್ಟ್ ಮುರಿಯುವ ಸಂಭವವಿದೆ. ಅಂತಹ ಎರಡು ಪಂಪುಗಳನ್ನು ನಾನೇ ಬಿಚ್ಚಿದ್ದೇನೆ.

ಚಿಕ್ಕಮಗಳೂರಿನ ರಸಾಯನಶಾಸ್ತ್ರ ಅಧ್ಯಾಪಕಿ:

ಮೇಲಿನವರು ಟೆಸ್ಟರಿನಲ್ಲಿ ಕಂಡದ್ದಕ್ಕೆ ಅಂಕಿಗಳ ಆಧಾರವನ್ನು ಸೇರಿಸಬಯಸುತ್ತೇನೆ. ದ್ರವದ ಹರಿಯುವ ಬಿಗಿತಕ್ಕೆ ಸ್ನಿಗ್ಧತೆ ಎನ್ನುತ್ತೇವೆ. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಮ್ಮ ಡೀಸೆಲ್‌ನ ಸ್ನಿಗ್ಧತೆ 2ರಿಂದ 4.5 ಸೆಂಟಿಸ್ಟೋಕ್ ಒಳಗಿರಬೇಕೆಂದು ಮಾನದಂಡವಿದೆ. ಬಹುತೇಕ ಖಾದ್ಯ ಎಣ್ಣೆಗಳದ್ದು ಅದೇ ಉಷ್ಣತೆಯಲ್ಲಿ 30ರಿಂದ 40. ಹೊಂಗೆಯದ್ದೂ ಇದಕ್ಕೆ ಹತ್ತಿರ. ಎಂದರೆ ಸರಿಸುಮಾರು ಹತ್ತು ಪಟ್ಟು. 80 ಡಿಗ್ರಿಗೆ ಕಾಯಿಸಿದರೆ ಇದು ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆಯಾದರೂ ಡೀಸೆಲ್‌ಗಿಂತ ಎರಡು ಮೂರು ಪಟ್ಟು ಹೆಚ್ಚಾಗಿಯೇ ಉಳಿಯುತ್ತದೆ. ಎರಡು ಟ್ಯಾಂಕಿನ ವ್ಯವಸ್ಥೆಯ ತಿರುಳು ಇದೇ ಆಗಿದೆ: ಗಾಡಿಯನ್ನು ಡೀಸೆಲ್‌ನಲ್ಲಿ ಹೊರಡಿಸಿ, ರೇಡಿಯೇಟರಿನ ಬಿಸಿನೀರನ್ನೇ ಒಂದು ಸುರುಳಿಯ ಮೂಲಕ ಹರಿಸಿ ಎಣ್ಣೆಯನ್ನು ಕಾಯಿಸಿ, ಅದು ಕಾದ ಮೇಲೆ ಕವಾಟ ತಿರುಗಿಸಿ ಎಣ್ಣೆಗೆ ಬದಲಾಯಿಸುವುದು, ನಿಲ್ಲಿಸುವ ಕೆಲವು ನಿಮಿಷ ಮೊದಲು ಮತ್ತೆ ಡೀಸೆಲ್‌ಗೆ ಮರಳಿ ಪಂಪನ್ನೂ ಪೈಪುಗಳನ್ನೂ ತೊಳೆಯುವುದು. ಜರ್ಮನಿಯಲ್ಲಿ ಎಲ್ಸ್‌ಬೆಟ್ ಎಂಬವರು ಎಣ್ಣೆಗೆಂದೇ ಎಂಜಿನ್ ರೂಪಿಸಿದರು. ಅಲ್ಲಿ ಇಂಧನವಾಗಿ ಬಳಸುವ ರೇಪ್‌ಸೀಡ್ ಎಣ್ಣೆಗೆ ಡಿಐಎನ್ 51605 ಎಂಬ ಮಾನದಂಡವೇ ಇದೆ. ಆಮ್ಲಾಂಶ, ನೀರಿನಂಶ, ರಂಜಕ, ಕ್ಯಾಲ್ಸಿಯಂ ಎಲ್ಲಕ್ಕೂ ಮಿತಿ ವಿಧಿಸಿದ್ದಾರೆ. ಗಾಣದಿಂದ ನೇರವಾಗಿ ಬಂದ ಎಣ್ಣೆ ಆ ಮಿತಿಯೊಳಗೆ ಬರುವುದು ಕಷ್ಟ.

ಇನ್ನು ಭಾವನವರ ಮಾತು. ರುಡಾಲ್ಫ್ ಡೀಸೆಲ್ ತಮ್ಮ ಎಂಜಿನ್ ಅನ್ನು ಕಡಲೆಕಾಯಿ ಎಣ್ಣೆಗಾಗಿ ರೂಪಿಸಲಿಲ್ಲ. 1893ರ ಆಗಸ್ಟ್ 10ರಂದು ಆಗ್ಸ್‌ಬರ್ಗ್‌ನಲ್ಲಿ ಮೊದಲ ಮಾದರಿ ತಿರುಗಿದ್ದು ನಿಜ. ವಿಶ್ವ ಜೈವಿಕ ಇಂಧನ ದಿನವನ್ನು ಆ ದಿನವೇ ಆಚರಿಸುವುದರಿಂದ ಅಂದೇ ಎಣ್ಣೆಯಲ್ಲಿ ಓಡಿತೆಂಬ ಕಥೆ ಹಬ್ಬಿದೆ. ಕಡಲೆಕಾಯಿ ಎಣ್ಣೆಯ ಪ್ರದರ್ಶನ ನಡೆದದ್ದು 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ. ಅದನ್ನು ಏರ್ಪಡಿಸಿದ್ದು ಒಟ್ಟೊ ಎಂಬ ಹೆಸರಿನ ಎಂಜಿನ್ ಕಂಪನಿ. ನಂತರದ ವರ್ಷಗಳಲ್ಲಿ ಡೀಸೆಲ್ ಅವರೂ ಆ ದಾರಿಯಲ್ಲಿ ಆಸಕ್ತಿ ತಳೆದರು. ಅಂದಿನ ನಿಧಾನಗತಿಯ, ಮನೆಯ ಎತ್ತರದ ಎಂಜಿನ್‌ಗಳಿಗೂ ಇಂದಿನವಕ್ಕೂ ಇರುವ ಸಂಬಂಧ ಎತ್ತಿನ ಗಾಡಿಗೂ ಕಾರಿಗೂ ಇರುವಷ್ಟೇ.

ಎಣ್ಣೆಗಳೆಲ್ಲ ಒಂದೇ ಅಲ್ಲ ಎಂಬುದನ್ನೂ ಗಮನಿಸಬೇಕು. ಗಾಳಿ ಮತ್ತು ಬಿಸಿಗೆ ಒಡ್ಡಿಕೊಂಡಾಗ ಯಾವ ಎಣ್ಣೆ ಬೇಗ ಜಿಗುಟಾಗಿ ಮೆರುಗೆಣ್ಣೆಯಂತೆ ಗಟ್ಟಿಯಾಗುತ್ತದೆ ಎಂಬುದನ್ನು ಅಯೋಡಿನ್ ಸಂಖ್ಯೆ ಸೂಚಿಸುತ್ತದೆ. ಅಗಸೆಗೆ 180ರ ಆಸುಪಾಸು, ಸೂರ್ಯಕಾಂತಿಗೆ 130ರ ಆಸುಪಾಸು, ಹೊಂಗೆಗೆ 80–90, ತಾಳೆಗೆ 50, ಕೊಬ್ಬರಿ ಎಣ್ಣೆಗೆ ಹತ್ತು. ಈ ದೃಷ್ಟಿಯಿಂದ ಹೊಂಗೆ ಕೆಟ್ಟದ್ದೇನಲ್ಲ.

ಕಡೂರಿನ ರೈತ:

ಮೇಡಂ ಅವರ ಈ ಪಾಠ ಐದು ವರ್ಷ ಮೊದಲು ಸಿಕ್ಕಿದ್ದರೆ ನನಗೆ ಅರ್ಧಲಕ್ಷಕ್ಕೂ ಹೆಚ್ಚು ಹಣ ಉಳಿಯುತ್ತಿತ್ತು. ಸಂಬಂಧಿಕರೊಬ್ಬರ ಮಿಲ್ಲಿನಲ್ಲಿ ಕಮಟು ಹಿಡಿದ ಸೂರ್ಯಕಾಂತಿ ಎಣ್ಣೆ ಆರೇಳು ಟಿನ್ ಉಳಿದಿತ್ತು. ಮಾರುವಂತಿರಲಿಲ್ಲ, ಚೆಲ್ಲಲು ಮನಸ್ಸು ಬರಲಿಲ್ಲ. ಮೂರು ಪಾಲು ಡೀಸೆಲ್‌ಗೆ ಒಂದು ಪಾಲು ಎಣ್ಣೆ ಬೆರೆಸಿ ನನ್ನ 35 ಎಚ್.ಪಿ. ಟ್ರ್ಯಾಕ್ಟರಿಗೆ ಹಾಕತೊಡಗಿದೆ. ರಾಗಿ ಬಿತ್ತನೆಯ ಕಾಲ, ದಿನಕ್ಕೆ ಆರೇಳು ಗಂಟೆ ಕೆಲಸ. ಎರಡು ವಾರ ಯಾವ ತೊಂದರೆಯೂ ಕಾಣಲಿಲ್ಲ. ಊರಿನಲ್ಲಿ ನಾಲ್ಕು ಜನರಿಗೆ ಹೇಳಿಕೊಂಡೂ ಬಂದೆ. ಮೂರನೆಯ ವಾರ ಬೆಳಗ್ಗೆ ಹೊಗೆ ಹೆಚ್ಚಾಯಿತು. ಐದನೆಯ ವಾರದಲ್ಲಿ ಆಯಿಲ್ ಗೇಜ್ ಕಡ್ಡಿ ಎಳೆದು ನೋಡಿದಾಗ ಮಟ್ಟ ಕಡಿಮೆಯಾಗುವ ಬದಲು ಮೇಲೇರಿತ್ತು. ಆಯಿಲ್ ಕುಡಿಯುತ್ತಿಲ್ಲವೆಂದು ಸಂತೋಷಪಟ್ಟೆ ಎಂದರೆ ನೀವು ನಂಬಲಾರಿರಿ.

ಕೊನೆಗೆ ಆಯಿಲ್ ಪ್ರೆಷರ್ ಇಳಿದಿದೆಯೆಂದು ಎಚ್ಚರಿಸುವ ದೀಪ ಹೊತ್ತಿಕೊಂಡಿತು. ಮೆಕ್ಯಾನಿಕ್ ಬಂದು ಸಂಪಿನ, ಎಂದರೆ ಎಂಜಿನ್ ತಳದ ಆಯಿಲ್ ತೊಟ್ಟಿಯ, ಬೋಲ್ಟ್ ತೆಗೆದಾಗ ಮೊದಲು ಏನೂ ಬೀಳಲಿಲ್ಲ. ಆಮೇಲೆ ಆಲೆಮನೆಯ ಕೊಪ್ಪರಿಗೆಯಲ್ಲಿ ಪಾಕ ಬರುವ ಹೊತ್ತಿಗೆ ಸಟ್ಟುಗದಿಂದ ಹೇಗೆ ಎಳೆ ಎಳೆಯಾಗಿ ಇಳಿಯುತ್ತದೆಯೋ ಹಾಗೆ, ಕರಿಯ ಪಾಕ ಇಳಿಯಿತು. ಸ್ಟ್ರೈನರ್ ಪೂರ್ತಿ ಮುಚ್ಚಿಕೊಂಡಿತ್ತು, ಎರಡು ರಿಂಗುಗಳು ಪಿಸ್ಟನ್ ಕಂಡಿಯಲ್ಲಿ ಅಂಟಿ ಕುಳಿತಿದ್ದವು, ಬೇರಿಂಗುಗಳು ಗೀರಿದ್ದವು. ಎಣ್ಣೆಯಿಂದ ಉಳಿಸಿದ್ದು ಹೆಚ್ಚೆಂದರೆ ಏಳೆಂಟು ಸಾವಿರ ರೂಪಾಯಿ.

ಆದ್ದರಿಂದ ಬೆಳೆಗಾರರಿಗೆ ನನ್ನ ಒಂದೇ ಕಿವಿಮಾತು: ಏನೇ ಮಾಡಿದರೂ ಆಯಿಲ್ ಕಡ್ಡಿಯನ್ನು ಪ್ರತಿದಿನ ನೋಡಿ, ಮಟ್ಟ ಮೇಲೇರಿದರೆ ಅಂದೇ ನಿಲ್ಲಿಸಿ, ಆಯಿಲನ್ನು ಅರ್ಧ ಅವಧಿಗೇ ಬದಲಾಯಿಸಿ.

ಚಿಕ್ಕಮಗಳೂರಿನ ಹೋಟೆಲಿನವರು:

ಹೊಂಗೆ ಬೀಜ ಬಡಿಸುವ ಕಷ್ಟವೇಕೆ, ಕರಿದ ಎಣ್ಣೆ ಸಾಕಷ್ಟು ಸಿಗುತ್ತದಲ್ಲ ಎಂದು ಯಾರಾದರೂ ಕೇಳುವ ಮೊದಲೇ ನಾನು ಹೇಳಿಬಿಡುತ್ತೇನೆ. ನಮ್ಮಲ್ಲಿ ಬಳಕೆಯಾಗುವುದು ಪಾಮೊಲಿನ್. ನಗರದಲ್ಲಿ ಡಿಸೆಂಬರ್ ಬೆಳಗಿನ ಚಳಿಗೆ ಹಿಂಬಾಗಿಲ ಬಳಿ ಇಟ್ಟ ಟಿನ್ನಿನ ತಳದಲ್ಲಿ ಅದು ಬಿಳಿಯ ಬೆಣ್ಣೆಯಂತೆ ಹೆಪ್ಪುಗಟ್ಟಿರುತ್ತದೆ. ಸೌಟು ನೆಟ್ಟಗೆ ನಿಲ್ಲುತ್ತದೆ. ಅದು ನಿಮ್ಮ ಜೀಪಿನ ಫಿಲ್ಟರಿನಲ್ಲಿ ಹೆಪ್ಪುಗಟ್ಟಿದರೆ ಗಿರಿಯ ದಾರಿಯಲ್ಲಿ ನೀವು ನಿಲ್ಲಬೇಕಾಗುತ್ತದೆ. ಮೇಲಾಗಿ ಬೋಂಡದ ಹಿಟ್ಟು, ಉಪ್ಪು, ನೀರು ಎಲ್ಲವೂ ಅದರೊಳಗೆ ಇರುತ್ತದೆ.

ಕಾನೂನೂ ಬಿಗಿಯಾಗಿದೆ. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಹೆಚ್ಚುವ ಪೋಲಾರ್ ಸಂಯುಕ್ತಗಳು ಶೇ. 25 ದಾಟಿದರೆ ಅಡುಗೆಗೆ ಬಳಸುವಂತಿಲ್ಲ ಎಂಬ ನಿಯಮ 2018ರ ಜುಲೈ 1ರಿಂದ ಇದೆ. ಅದೇ ಆಗಸ್ಟಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ರೂಕೊ ಎಂಬ ಯೋಜನೆಯನ್ನು ಆರಂಭಿಸಿ, ಇಂತಹ ಎಣ್ಣೆ ಬಯೋಡೀಸೆಲ್ ತಯಾರಕರಿಗೆ ಸೇರಬೇಕೆಂದು ಹೇಳಿತು. ದಿನಕ್ಕೆ ಐವತ್ತು ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವವರು ಲೆಕ್ಕದ ಪುಸ್ತಕ ಇಡಬೇಕು. ಸಂಗ್ರಹಿಸುವವರು ಬಂದು ತೂಗಿ ಹಣ ಕೊಟ್ಟು ಒಯ್ಯುವುದರಿಂದ ಪುಕ್ಕಟೆ ಎಣ್ಣೆಯ ಕಾಲ ಮುಗಿಯಿತೆಂದೇ ತಿಳಿಯಿರಿ.

ಅರಸೀಕೆರೆಯ ವಕೀಲ:

ತಾಂತ್ರಿಕ ವಿಷಯ ನನಗೆ ತಿಳಿಯದು. ಆದರೆ ರಸ್ತೆಯ ಮೇಲೆ ಓಡುವ ವಾಹನಕ್ಕೆ ಎರಡನೆಯ ಟ್ಯಾಂಕ್ ಕೂರಿಸುವ ಮುನ್ನ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮನ್ನು ಓದಿಕೊಳ್ಳಬೇಕು. ನೋಂದಣಿ ಪತ್ರದಲ್ಲಿ ನಮೂದಾಗಿರುವ, ತಯಾರಕರು ಮೂಲತಃ ಸೂಚಿಸಿದ ವಿವರಗಳಿಗೆ ಭಿನ್ನವಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ಅನಿಲಕ್ಕೆ ಬದಲಾಯಿಸಿಕೊಳ್ಳುವವರಿಗೆ ಅನುಮೋದಿತ ಕಿಟ್ ಮತ್ತು ನಮೂದಿನ ವ್ಯವಸ್ಥೆ ಇದೆ. ನೀವೇ ಗ್ಯಾರೇಜಿನಲ್ಲಿ ಬೆಸುಗೆ ಹಾಕಿಸಿದ ಟ್ಯಾಂಕ್ ಆ ಸಾಲಿಗೆ ಬರುವುದಿಲ್ಲ. 2019ರ ತಿದ್ದುಪಡಿಯ ನಂತರ 182ಎ ಕಲಮಿನ ಪ್ರಕಾರ ಇಂತಹ ಪ್ರತಿಯೊಂದು ಮಾರ್ಪಾಡಿಗೆ ಐದು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಅಪಘಾತವಾದಾಗ ವಿಮೆಯವರು ಮೊದಲು ಹುಡುಕುವುದೂ ಇಂತಹ ಅಂಶವನ್ನೇ. ಬ್ರಿಟನ್ನಿನಲ್ಲಿ 2007ರಿಂದ ಒಬ್ಬರು ವರ್ಷಕ್ಕೆ 2,500 ಲೀಟರ್‌ವರೆಗೆ ಇಂತಹ ಇಂಧನವನ್ನು ಸುಂಕವಿಲ್ಲದೆ ತಯಾರಿಸಿ ಬಳಸಲು ಬಿಟ್ಟಿದ್ದಾರೆ. ಅಲ್ಲಿನ ವಿಡಿಯೊ ನೋಡಿ ಇಲ್ಲಿ ಧೈರ್ಯ ಮಾಡುವುದು ಬೇಡ. ನಿಮ್ಮ ಪಲ್ಪರ್ ಎಂಜಿನಿಗೆ ನೋಂದಣಿ ಪತ್ರವೂ ಇಲ್ಲ, ಈ ತಕರಾರೂ ಇಲ್ಲ.

ಶಾಂತಿಗ್ರಾಮದ ಓದುಗ:

ನಮ್ಮ ಹೋಬಳಿಯ ಹತ್ತಿರದಲ್ಲೇ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಪಾರ್ಕ್ ಇರುವ ವಿಷಯ ಈವರೆಗೆ ಯಾರೂ ಎತ್ತದಿರುವುದು ಸೋಜಿಗ. ಹೊಂಗೆ, ಬೇವು, ಹಿಪ್ಪೆ, ಸಿಮರೂಬ, ಸುರಹೊನ್ನೆ ಎಲ್ಲವನ್ನೂ ಅಲ್ಲಿ ನೋಡಬಹುದು. ರಾಜ್ಯದ ಜೈವಿಕ ಇಂಧನ ನೀತಿ ಬಂದದ್ದು 2009ರಲ್ಲಿ. ಜಮೀನನ್ನು ಬಿಟ್ಟುಕೊಡದೆ ಬದುಗಳಲ್ಲಿ ಮತ್ತು ಪಾಳು ನೆಲದಲ್ಲಿ ಎಣ್ಣೆಬೀಜದ ಮರ ಬೆಳೆಸಬೇಕೆಂಬ ಆಶಯ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಬೇರು ಬಿಟ್ಟದ್ದು ಆ ಕಾಲದಲ್ಲೇ. ದೇಶದ ಉಳಿದ ಕಡೆ ಜಟ್ರೋಫಾ ಹುಚ್ಚು ಹಿಡಿದಿದ್ದಾಗ, ಸುಮಾರು 2003ರ ನಂತರ, ಎಷ್ಟೋ ಜನ ಬೇಲಿಗಿಡವನ್ನು ಹೊಲದ ನಡುವೆ ನೆಟ್ಟು ಕೈಸುಟ್ಟುಕೊಂಡರು. ಹೊಂಗೆ ನೆಟ್ಟವರಿಗೆ ಕನಿಷ್ಠ ನೆರಳು ಮತ್ತು ಹಿಂಡಿ ಉಳಿಯಿತು.

ಬೆಳೆಗಾರರೇ, ನಿಮ್ಮ ಲೆಕ್ಕವನ್ನೇ ಹಾಕಿ ನೋಡೋಣ. ಒಂಬತ್ತು ಸಾವಿರ ಕಿಲೋಮೀಟರಿಗೆ ಸುಮಾರು 870 ಲೀಟರ್ ಬೇಕು. ನೂರು ಕಿಲೋಗೆ ಇಪ್ಪತ್ತೈದು ಲೀಟರಿನಂತೆ ಅದಕ್ಕೆ ಮೂರೂವರೆ ಟನ್ ಬೀಜ ಬೇಕಾಗುತ್ತದೆ. ನಿಮಗೆ ಮರವೊಂದಕ್ಕೆ ಹದಿನೈದು ಕಿಲೋ ಸಿಕ್ಕಿದೆಯಾದ್ದರಿಂದ 230 ಮರಗಳು ಇರಬೇಕಿತ್ತು, ಇರುವುದು ಮೂವತ್ತೆಂಟು. ಕಡಿಮೆ ಬಿದ್ದ ಎಣ್ಣೆಯನ್ನು ಕೊಳ್ಳೋಣವೆಂದರೆ ಹೊಂಗೆ ಎಣ್ಣೆಯ ಪೇಟೆ ಬೆಲೆ ಡೀಸೆಲ್‌ಗಿಂತ ಮೇಲಿದೆ. ನಿಮ್ಮ ಇಡೀ ಬೀಜದಿಂದ ಬರುವುದು 142 ಲೀಟರ್. ಪಲ್ಪರ್ ಎಂಜಿನ್ ಅರ್ಧ ಭಾರದಲ್ಲಿ ಗಂಟೆಗೆ ಒಂದು ಲೀಟರ್ ಕುಡಿಯುತ್ತದೆ ಎಂದುಕೊಂಡರೆ, ದಿನಕ್ಕೆ ನಾಲ್ಕು ಗಂಟೆಯಂತೆ ಒಂದು ತಿಂಗಳಿನ ಕೊಯ್ಲಿಗೆ ಹತ್ತಿರ ಹತ್ತಿರ ಅಷ್ಟೇ ಸಾಕು. ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಗೆ ಈ ಲೆಕ್ಕವೇ ಉತ್ತರ ಹೇಳಿಬಿಟ್ಟಿದೆ.

ಜೀಪಿಗೇ ಹಾಕಬೇಕೆಂಬ ಹಟವಿದ್ದರೆ ಎಣ್ಣೆಯನ್ನು ಬಯೋಡೀಸೆಲ್ ಮಾಡಿ ಬೆರೆಸಬೇಕು. ಎಣ್ಣೆಗೆ ಗಾತ್ರದಲ್ಲಿ ಐದನೆಯ ಒಂದು ಭಾಗ ಮೆಥನಾಲ್, ಜೊತೆಗೆ ಸ್ವಲ್ಪ ಕ್ಷಾರ ಸೇರಿಸಿ ಅರವತ್ತು ಡಿಗ್ರಿಯ ಆಸುಪಾಸಿನಲ್ಲಿ ಕಲಕಿದರೆ ಗ್ಲಿಸರಿನ್ ತಳಕ್ಕಿಳಿದು, ಮೇಲೆ ಹೆಚ್ಚುಕಡಿಮೆ ಡೀಸೆಲ್‌ನಷ್ಟು ತೆಳುವಾದ ಇಂಧನ ನಿಲ್ಲುತ್ತದೆ.

ಚಿಕ್ಕಮಗಳೂರಿನ ರಸಾಯನಶಾಸ್ತ್ರ ಅಧ್ಯಾಪಕಿ:

ಶಾಂತಿಗ್ರಾಮದವರು ಕೊನೆಯ ಭಾಗವನ್ನು ತೀರಾ ಹಗುರವಾಗಿ ಹೇಳಿದ್ದಾರೆ, ಕ್ಷಮಿಸಬೇಕು. ಮೆಥನಾಲ್ ಹತ್ತು ಮಿಲಿಲೀಟರಿನಷ್ಟು ಹೊಟ್ಟೆಗೆ ಹೋದರೂ ಕಣ್ಣು ಹೋಗಬಹುದು. ಚರ್ಮದ ಮೂಲಕವೂ, ಉಸಿರಿನ ಮೂಲಕವೂ ಒಳಸೇರುತ್ತದೆ. ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಕೂಲಿಯಾಳುಗಳು, ಮಕ್ಕಳು ಓಡಾಡುವ ತೋಟದ ಗೋದಾಮಿನಲ್ಲಿ ಇದನ್ನು ಇಡುವುದನ್ನು ನಾನು ಒಪ್ಪಲಾರೆ. ಇನ್ನೊಂದು ತೊಡಕು ಹೊಂಗೆಯದೇ. ಮಳೆಗೆ ಸಿಕ್ಕ ಅಥವಾ ಬಹುಕಾಲ ಇಟ್ಟ ಬೀಜದ ಎಣ್ಣೆಯಲ್ಲಿ ಬಿಡಿ ಕೊಬ್ಬಿನಾಮ್ಲ ಏರಿರುತ್ತದೆ. ಅದು ಸುಮಾರು ಶೇ. 2ನ್ನು ಮೀರಿದರೆ ಕ್ಷಾರ ಹಾಕಿದೊಡನೆ ಬಯೋಡೀಸೆಲ್ ಬದಲು ಸೋಪು ತಯಾರಾಗುತ್ತದೆ. ಮೊದಲು ಗಂಧಕಾಮ್ಲದ ಜೊತೆ ಒಂದು ಸುತ್ತು ಸಂಸ್ಕರಿಸಿ, ನಂತರ ಕ್ಷಾರದ ಸುತ್ತು ಮಾಡಬೇಕು. ಇದು ಪರಿಣತರ ಘಟಕದಲ್ಲಿ ಆಗಬೇಕಾದ ಕೆಲಸ.

ಬದಲಿಗೆ ಹಸಿ ಎಣ್ಣೆಯನ್ನೇ ಒಂದೇ ಕಡೆ ಕೂರಿಸಿದ ನಿಧಾನಗತಿಯ ಎಂಜಿನಿನಲ್ಲಿ ಬಳಸುವುದಕ್ಕೆ ನಮ್ಮ ರಾಜ್ಯದಲ್ಲೇ ಹಿಂದಿನ ನಿದರ್ಶನವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರ ತಂಡ ತುಮಕೂರು ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದಲೇ ಜನರೇಟರ್ ನಡೆಸಿ, ಆ ವಿದ್ಯುತ್ತಿನಿಂದ ಕೊಳವೆಬಾವಿಗಳ ನೀರೆತ್ತಿ ಹೊಲಗಳಿಗೆ ಹರಿಸಿತ್ತು.

ಸಕಲೇಶಪುರದ ಯುವಕ:

ನನ್ನದು 2021ರ ಪಿಕಪ್. ಶೇ. 10ರಷ್ಟು ಸೋಸಿದ ಎಣ್ಣೆ ಬೆರೆಸಿದರೂ ತೊಂದರೆಯಾಗುತ್ತದೆಯೇ?

ಹಾಸನದ ಪಂಪ್–ನೋಝಲ್ ಕೆಲಸಗಾರ:

ತಮ್ಮಾ, ದಯವಿಟ್ಟು ಹಾಕಬೇಡಿ. ಹಳೆಯ ನೋಝಲ್ ತೆರೆದುಕೊಳ್ಳುತ್ತಿದ್ದದ್ದು ನೂರಿಪ್ಪತ್ತರಿಂದ ಇನ್ನೂರು ಬಾರ್ ಒತ್ತಡಕ್ಕೆ. ನಿಮ್ಮ ಗಾಡಿಯ ಕಾಮನ್ ರೈಲ್ ಎಂಬ ಹೊಸ ಬಗೆಯ ಇಂಧನ ವ್ಯವಸ್ಥೆಯಲ್ಲಿ ಒತ್ತಡ 1,600 ಬಾರ್ ಮತ್ತು ಅದಕ್ಕೂ ಮೇಲೆ. ರಂಧ್ರಗಳು ಕೂದಲೆಳೆಯಷ್ಟು ಸಣ್ಣವು. 2020ರ ಏಪ್ರಿಲ್‌ನಿಂದ ಬಂದ ಬಿಎಸ್–6 ಹೊಗೆ ಮಾನದಂಡದ ಗಾಡಿಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಬೇರೆ ಇದೆ. ಆ ಮಸಿಯನ್ನು ಸುಡುವುದಕ್ಕಾಗಿ ಎಷ್ಟೋ ಗಾಡಿಗಳಲ್ಲಿ ಎಂಜಿನ್ ತಾನಾಗಿಯೇ ತಡವಾಗಿ ಸ್ವಲ್ಪ ಇಂಧನ ಚಿಮ್ಮಿಸುತ್ತದೆ. ಡೀಸೆಲ್ ಆದರೆ ಆವಿಯಾಗಿ ಹೋಗುತ್ತದೆ, ಎಣ್ಣೆ ಆವಿಯಾಗದೆ ಲೈನರ್ ಗೋಡೆಯ ಮೇಲೆ ಜಾರಿ ಸಂಪಿಗೆ ಇಳಿಯುತ್ತದೆ. ಕಡೂರಿನವರ ಆಲೆಮನೆ ನಿಮ್ಮಲ್ಲಿ ಎರಡೇ ವಾರಕ್ಕೆ ಶುರುವಾಗುತ್ತದೆ.

ಬೇಲೂರಿನ ಕಾಫಿ ಬೆಳೆಗಾರ:

ಎಲ್ಲರ ಉತ್ತರಗಳನ್ನೂ ಎರಡು ಸಲ ಓದಿದೆ. ಬಾನೆಟ್ ಎತ್ತಿ ನೋಡಿದೆ, ದುಂಡು ತಲೆಯ ಪಂಪೇ ಇದೆ. ಜೀಪಿನ ಆಸೆಯನ್ನು ಬಿಟ್ಟೆ. ಭಾವನವರಿಗೆ ಪ್ಯಾರಿಸ್ಸಿನ ವಿಷಯ ಹೇಳಿದಾಗ ಅವರು ಒಪ್ಪಲಿಲ್ಲ, ಅದಿರಲಿ.

ಪಲ್ಪರ್ ಎಂಜಿನಿಗೆ ಮೇಲೆ ಎರಡು ಚಿಕ್ಕ ಟ್ಯಾಂಕ್, ನಡುವೆ ಒಂದರಿಂದ ಇನ್ನೊಂದಕ್ಕೆ ಬದಲಾಯಿಸಲು ತ್ರೀ–ವೇ ಕಾಕ್ ಇಡುವ ಯೋಚನೆಯಿದೆ. ಎಣ್ಣೆ ಕಾಯಿಸಲು ಸೈಲೆನ್ಸರ್ ಪೈಪಿಗೆ ತಾಮ್ರದ ಕೊಳವೆಯನ್ನು ಸುತ್ತಬಹುದೇ ಅಣ್ಣಾ? ಫಿಲ್ಟರ್ ಎಂತಹದ್ದು ಹಾಕಬೇಕು?

ಹಾಸನದ ಪಂಪ್–ನೋಝಲ್ ಕೆಲಸಗಾರ:

ತಾಮ್ರ ಬೇಡ, ಹಿತ್ತಾಳೆಯೂ ಬೇಡ, ಸತುವಿನ ಲೇಪದ ತಗಡಿನ ಟ್ಯಾಂಕ್ ಖಂಡಿತ ಬೇಡ. ಹುಳಿಯೇರಿದ ಎಣ್ಣೆ ಇವನ್ನು ತಿಂದು ಹಸಿರು ಜಿಡ್ಡು ಮಾಡುತ್ತದೆ, ಆ ಜಿಡ್ಡು ಫಿಲ್ಟರ್ ಕಟ್ಟುತ್ತದೆ. ಉಕ್ಕಿನ ಕೊಳವೆಯನ್ನೇ ಬಳಸಿ, ಸೈಲೆನ್ಸರಿಗೆ ನೇರವಾಗಿ ಸುತ್ತದೆ ಅರ್ಧ ಇಂಚು ಬಿಟ್ಟು ಸುತ್ತಿ. ಮುಟ್ಟಿಸಿದರೆ ಒಳಗೇ ಎಣ್ಣೆ ಕರಟಿ ಕೊಳವೆ ಮುಚ್ಚುತ್ತದೆ. ಪಂಪಿನ ಬಳಿ ಕೈ ಮುಟ್ಟಿ ನೋಡಿದರೆ ಹಿಡಿದುಕೊಳ್ಳಲು ಆಗದಷ್ಟು ಬಿಸಿ ಇರಬೇಕು, ಅಷ್ಟು ಸಾಕು.

ಸೋಸುವುದಕ್ಕಿಂತ ಮುಖ್ಯವಾದದ್ದು ಕಾಯುವುದು. ಮಿಲ್ಲಿನಿಂದ ಬಂದ ಎಣ್ಣೆಯನ್ನು ಎತ್ತರದ ಡ್ರಮ್ಮಿನಲ್ಲಿ ಕನಿಷ್ಠ ಒಂದು ತಿಂಗಳು ಅಲುಗಾಡಿಸದೆ ಬಿಡಿ. ತಳದ ಒಂದು ಗೇಣು ಬಗ್ಗಡವನ್ನು ಮುಟ್ಟಲೇಬೇಡಿ. ಮೇಲಿನ ಎಣ್ಣೆಯನ್ನು ಬಟ್ಟೆಯಲ್ಲಿ, ಆಮೇಲೆ ಐದು ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ. ನೀರಿದೆಯೇ ಎಂದು ತಿಳಿಯಲು ಚೆನ್ನಾಗಿ ಕಾದ ತವೆಯ ಮೇಲೆ ನಾಲ್ಕು ಹನಿ ಬಿಡಿ. ಒಗ್ಗರಣೆಯಂತೆ ಚಟಪಟ ಅಂದರೆ ನೀರಿದೆ, ಮತ್ತೆ ಕಾಯಿಸಿ ಆರಿಸಬೇಕು. ಸುಮ್ಮನೆ ಹೊಗೆಯಾಡಿದರೆ ಸರಿಯಿದೆ. ಸಂಜೆ ನಿಲ್ಲಿಸುವ ಹತ್ತು ನಿಮಿಷ ಮೊದಲು ಕಾಕ್ ತಿರುಗಿಸಿ ಡೀಸೆಲ್‌ಗೆ ಬನ್ನಿ. ಎಲ್ಲಕ್ಕಿಂತ ಜನ ಮರೆಯುವುದು ಇದನ್ನೇ.

ಬೇಲೂರಿನ ಕಾಫಿ ಬೆಳೆಗಾರ:

ಅರೇಬಿಕಾ ಕೊಯ್ಲು ಮುಗಿದಿದೆ, ಆದ್ದರಿಂದ ವರದಿ ಒಪ್ಪಿಸುತ್ತಿದ್ದೇನೆ. ಎಣ್ಣೆಯಲ್ಲಿ ಎಂಜಿನ್ ನಡೆದದ್ದು ಒಟ್ಟು 112 ಗಂಟೆ. ತೋಟದ ಲೆಕ್ಕ ಬರೆಯುವ ನಮ್ಮ ರೈಟರ್ ಪಲ್ಪರ್ ಮನೆಯ ಬಾಗಿಲಿನ ಹಿಂದೆ ಸೀಮೆಸುಣ್ಣದಿಂದ ಪ್ರತಿದಿನ ಬರೆದಿಟ್ಟಿದ್ದಾರೆ. ಖರ್ಚಾದ ಎಣ್ಣೆ 121 ಲೀಟರ್. ಪ್ರತಿದಿನದ ಆರಂಭಕ್ಕೂ ತೊಳೆಯುವುದಕ್ಕೂ ಸೇರಿ ಡೀಸೆಲ್ ಹನ್ನೆರಡು ಲೀಟರ್ ಹೋಯಿತು. ಶಕ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ, ಇಂಧನ ಮಾತ್ರ ಸ್ವಲ್ಪ ಹೆಚ್ಚು ಬೇಕಾಯಿತು. ಆಯಿಲ್ ಕಡ್ಡಿಯನ್ನು ದಿನವೂ ನೋಡಿದೆವು, ಮಟ್ಟ ಏರಲಿಲ್ಲ. ಆದರೂ ಕಡೂರಿನವರ ಮಾತಿನಂತೆ ಐವತ್ತು ಗಂಟೆಗೇ ಆಯಿಲ್ ಬದಲಾಯಿಸಿದೆವು. ನೋಝಲನ್ನು ಎರಡು ಸಲ ಬಿಚ್ಚಿಸಿದಾಗ ತುದಿಯಲ್ಲಿ ಮೆಣಸಿನ ಕಾಳಿನಷ್ಟು ಕರಿ ಕಟ್ಟಿತ್ತು, ಹಿತ್ತಾಳೆ ಬ್ರಷ್ಷಿನಿಂದ ಬಿಡಿಸಲಾಯಿತು.

ಒಂದು ದಿನ ಮಾತ್ರ ಎಡವಿದೆವು. ಡಿಸೆಂಬರ್ ಕೊನೆಯ ವಾರ ಹಣ್ಣು ವಿಪರೀತ ಬಂದು ರಾತ್ರಿ ಎಂಟರವರೆಗೆ ಪಲ್ಪಿಂಗ್ ನಡೆಯಿತು, ಡೀಸೆಲ್‌ಗೆ ತಿರುಗಿಸುವುದನ್ನು ಮರೆತು ಹುಡುಗ ಎಂಜಿನ್ ನಿಲ್ಲಿಸಿಬಿಟ್ಟ. ಬೆಳಗ್ಗೆ ಇಬ್ಬರು ಹ್ಯಾಂಡಲ್ ತಿರುಗಿಸಿ ಸೋತರು. ಕೊನೆಗೆ ಹಂಡೆಯ ಬಿಸಿನೀರನ್ನು ತಂದು ಪಂಪಿನ ಮೇಲೂ ಪೈಪಿನ ಮೇಲೂ ಸುರಿದು, ಪೈಪಿನಲ್ಲಿ ಸಿಕ್ಕ ಗಾಳಿ ತೆಗೆದು, ಹೊರಡಿಸುವಷ್ಟರಲ್ಲಿ ಹತ್ತೂವರೆ. ಅಷ್ಟು ಹೊತ್ತೂ ಹಿಂದಿನ ಸಂಜೆಯ ಉಳಿದ ಹಣ್ಣು ಮೂಟೆಯಲ್ಲೇ ಬಿಸಿಯೇರುತ್ತಾ ಕುಳಿತಿತ್ತು. ಅಂದಿನಿಂದ ಕಾಕಿನ ಹಿಡಿಗೆ ಕೆಂಪು ಬಟ್ಟೆ ಕಟ್ಟಿದ್ದೇವೆ.

ಹಿಂಡಿ ಸುಮಾರು 430 ಕಿಲೋ ಸಿಕ್ಕಿತ್ತು, ಮಳೆಗಾಲದ ಮುಂಚೆಯೇ ಹೊಸ ಗಿಡಗಳ ಬುಡಕ್ಕೆ ಹಾಕಿಸಿಯಾಗಿದೆ. ಡ್ರಮ್ಮಿನ ತಳದ ಬಗ್ಗಡ ಬಿಟ್ಟು ಹದಿನಾಲ್ಕು ಲೀಟರ್ ಎಣ್ಣೆ ಉಳಿದಿದೆ. ಮಾರ್ಚಿನಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವ ದೊಡ್ಡ ಎಂಜಿನಿಗೆ ಅದನ್ನು ಬಳಸಬಹುದೇ ಎಂದು ಕೇಳಬೇಕೆಂದಿದ್ದೆ. ನಿನ್ನೆ ಹೋಗಿ ನೋಡಿದೆ, ಅದರಲ್ಲೂ ದುಂಡು ತಲೆಯ ಪಂಪೇ ಇದೆ.